ಮೌಂಟ್ ರೋಸ್ ಚೂಟ್ಸ್: ಅಂಚಿನ ತನಕ ಹೋಗಿ ವಾಪಸ್ ಬಂದೆ, ಇಳಿಯೋಕೆ ನಾನು ರೆಡಿ ಅಂತ ಗೊತ್ತಾಗೋದು ಹೇಗೆ?

ಮಧುಗಿರಿ_ಟು_ತಾಹೋ:

ಎಲ್ಲರಿಗೂ ನಮಸ್ಕಾರ. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಊರು ಮಧುಗಿರಿ. ಸ್ಕೀಯಿಂಗ್ ಶುರು ಮಾಡಿ ಇದು ಐದನೇ ಚಳಿಗಾಲ, ವರ್ಷಕ್ಕೆ ಹತ್ತು ಹನ್ನೆರಡು ದಿನ ಸಿಯೆರಾ ಬೆಟ್ಟಸಾಲಿನ ತಾಹೋ ಸರೋವರದ ಕಡೆ ಹೋಗ್ತೀನಿ. ನೀಲಿ ಗುರುತಿನ ಮಧ್ಯಮ ಮಟ್ಟದ ರನ್‌ಗಳು ಆರಾಮಾಗಿ ಆಗುತ್ತೆ, ಅದಕ್ಕಿಂತ ಕಷ್ಟದ ಸಿಂಗಲ್ ಬ್ಲ್ಯಾಕ್ ಡೈಮಂಡೂ ಇಳಿತೀನಿ, ಮೊಗಲ್ (ಹಿಮದ ಉಬ್ಬುಗಳು) ಇದ್ರೆ ನಿಧಾನ ಆಗುತ್ತೆ ಆದ್ರೆ ಬೀಳಲ್ಲ.

ಕಳೆದ ಶನಿವಾರ ಆಫೀಸಿನ ಫ್ರೆಂಡ್ ಜೊತೆ ಮೌಂಟ್ ರೋಸ್ ಸ್ಕೀ ರೆಸಾರ್ಟ್‌ಗೆ ಹೋಗಿದ್ದೆ, ಅವನು ಇಲ್ಲೇ ಹುಟ್ಟಿ ಬೆಳೆದೋನು, ಮೂರು ವರ್ಷದ ಮಗು ಆಗಿದ್ದಾಗಿಂದ ಸ್ಕೀ ಮೇಲೆ ಇದಾನೆ. ಮಧ್ಯಾಹ್ನ ಊಟ ಆದ್ಮೇಲೆ 'ಬಾ ಚೂಟ್ಸ್ ನೋಡ್ಕೊಂಡು ಬರೋಣ' ಅಂದ. ಚೂಟ್ ಅಂದ್ರೆ ಗೊತ್ತಿಲ್ಲದವರಿಗೆ, ಎರಡು ಬಂಡೆ ಸಾಲಿನ ಮಧ್ಯೆ ಕಡಿದಾಗಿ ಇಳಿಯೋ ಕೊರಕಲು, ನಮ್ಮ ಕಡೆ ಬೆಟ್ಟದಲ್ಲಿ ಮಳೆ ನೀರು ಇಳಿದು ಇಳಿದು ಆಗಿರುತ್ತಲ್ಲ ಅಂಥದ್ದು, ಇಲ್ಲಿ ಅದ್ರ ತುಂಬ ಹಿಮ.

ಚೂಟ್ಸ್‌ಗೆ ಹೋಗೋ ಗೇಟ್ ದಾಟಿ ಅಂಚಿಗೆ ಬಂದು ನಿಂತೆ. ಸ್ಕೀ ತುದಿ ಗಾಳಿಯಲ್ಲಿ. ಮೊದಲ ಹತ್ತಡಿ ಹಿಮ ಕಾಣ್ಸುತ್ತೆ, ಆಮೇಲೆ ಏನೂ ಕಾಣಲ್ಲ, ಸೀದಾ ತಳದಲ್ಲಿ ಮರಗಳು ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ. ಮಧ್ಯದ ಇಳಿಜಾರು ಎಲ್ಲೋಯ್ತು ಅಂತಾನೇ ಗೊತ್ತಾಗ್ಲಿಲ್ಲ. ಕಾಲು ನಡುಗಿತು ಅನ್ನೋದಕ್ಕಿಂತ ಕಾಲು ನಂದಲ್ಲ ಅನ್ಸಿಬಿಡ್ತು. ಫ್ರೆಂಡು ಹೋಗ್ತಿದೀನಿ ಅಂದೋನು ಹೋದ, ನಾನು ಪಕ್ಕಕ್ಕೆ ಹೆಜ್ಜೆ ಇಟ್ಕೊಂಡು ಹೆಜ್ಜೆ ಇಟ್ಕೊಂಡು ಗೇಟ್ ಕಡೆಗೆ ಹತ್ತಿ ವಾಪಸ್ ಬಂದೆ.

ಒಂದು ವಾರದಿಂದ ರಾತ್ರಿ ಕಣ್ಣು ಮುಚ್ಚಿದ್ರೆ ಅದೇ ಅಂಚು. ಹೋಗ್ಬೇಕು ಅಂತ ತುಂಬಾ ಆಸೆ ಇದೆ, ಮನೇಲಿ ಎರಡು ವರ್ಷದ ಮಗಳಿದಾಳೆ, ಹೆಂಡತಿ ಬೇಡ ಅಂತ ಬಾಯಿಬಿಟ್ಟು ಹೇಳಿಲ್ಲ ಆದ್ರೆ ಮುಖ ನೋಡಿದ್ರೆ ಗೊತ್ತಾಗುತ್ತೆ. ರೆಡಿ ಇದೀನೋ ಇಲ್ವೋ ಅಂತ ನಾನೇ ಹೇಗೆ ತಿಳ್ಕೊಳ್ಳೋದು? ಇಳಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ರೀನೋ_ಅಕ್ಕ:

ಮೊದಲನೇದಾಗಿ ವಾಪಸ್ ಬಂದ್ಯಲ್ಲ, ಸರಿಯಾದ ಕೆಲಸ ಮಾಡಿದೀಯ ತಮ್ಮ. ಅಂಚಲ್ಲಿ ನಿಂತು ಬೇಡ ಅಂತ ಹೇಳೋಕೆ ಬರೋರಿಗೇ ಚೂಟ್ ಕಲಿಸ್ಬೇಕು, ನನ್ನ ಅಭಿಪ್ರಾಯ ಅದು.

ನಾನು ಸಕಲೇಶಪುರದವಳು, ರೀನೋದಲ್ಲಿ ಹನ್ನೊಂದು ವರ್ಷ ಆಯ್ತು, ಮನೆಯಿಂದ ರೋಸ್‌ಗೆ ಅರ್ಧ ಮುಕ್ಕಾಲು ಗಂಟೆ ದಾರಿ, ಹಾಗಾಗಿ ಆ ಬೆಟ್ಟದ ಜೊತೆ ನಂಟು ಜಾಸ್ತಿ. ಅಂದಹಾಗೆ ಹೆಸರು ಮೌಂಟ್ ರೋಸ್ ಆದ್ರೂ ರೆಸಾರ್ಟ್ ಇರೋದು ಹೈವೇ ಆಚೆ ಕಡೆಯ ಸ್ಲೈಡ್ ಮೌಂಟನ್ ಮೇಲೆ, ಆ ಬೆಟ್ಟದ ಆಗ್ನೇಯ ದಿಕ್ಕಿನ ಮೈ ಕುಸಿದು ಬಿದ್ದಿದ್ದು ಉಂಟು, ಕೊನೇ ದೊಡ್ಡ ಕುಸಿತ 1983ರ ಮೇ ತಿಂಗಳಲ್ಲಿ. ಬೇಸ್ 8,260 ಅಡಿ, ತುದಿ 9,700 ಅಡಿ. ಎರಡು ಬೆಟ್ಟದ ಮಗ್ಗುಲಿನ ಮಧ್ಯೆ ಇರೋ ಈ ಚೂಟ್ಸ್ ಜಾಗ ಎಷ್ಟೋ ವರ್ಷ ಹಗ್ಗ ಕಟ್ಟಿ ಮುಚ್ಚಿಟ್ಟಿದ್ರು, 2004-05ರ ಸೀಸನ್‌ನಲ್ಲಿ ಜನಕ್ಕೆ ಬಿಟ್ರು. ಜಾಕ್‌ಪಾಟ್, ಯೆಲ್ಲೋ ಜಾಕೆಟ್, ಎಲ್ ಕ್ಯಾಪ್ ಅಂತೆಲ್ಲ ಹೆಸರಿದೆ, ರೆಸಾರ್ಟಿನವರೇ 40ರಿಂದ 55 ಡಿಗ್ರಿ ಅಂತ ಹೇಳ್ತಾರೆ.

ಈ ಡಿಗ್ರಿ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಲ್ಲೇ ಎಲ್ರೂ ಮೋಸ ಹೋಗೋದು. ಮ್ಯಾಪಲ್ಲಿ ಕೆಲವು ಕಡೆ ಪರ್ಸೆಂಟ್ ಇರುತ್ತೆ, ಕೆಲವು ಕಡೆ ಡಿಗ್ರಿ. 45 ಡಿಗ್ರಿ ಅಂದ್ರೆ 100 ಪರ್ಸೆಂಟ್. ನೀನು ಇಳಿಯೋ ಬ್ಲ್ಯಾಕ್ ಡೈಮಂಡ್ 40 ಪರ್ಸೆಂಟ್ ಇದ್ರೆ ಅದು ಡಿಗ್ರಿ ಲೆಕ್ಕದಲ್ಲಿ 22 ಅಷ್ಟೇ. ನಿಮ್ಮನೆ ಮೆಟ್ಟಿಲು ನೋಡು, ಏಳಿಂಚು ಎತ್ತರ ಹತ್ತಿಂಚು ಅಗಲ ಇದ್ರೆ ಅದು 35 ಡಿಗ್ರಿ. ಮೆಟ್ಟಿಲ ಮೇಲೆ ಹಲಗೆ ಹಾಕಿ ಹಿಮ ಸುರಿದು ಇಳಿ ಅಂದ್ರೆ ಹೆಂಗಿರುತ್ತೆ, ಚೂಟು ಅದಕ್ಕಿಂತ ಕಡಿದು. ಐವತ್ತರ ಹತ್ತಿರ ಬಂದ್ರೆ ನಿಂತಲ್ಲೇ ಕೈ ಚಾಚಿದ್ರೆ ಪಕ್ಕದ ಹಿಮ ಕೈಗೆ ಸಿಗುತ್ತೆ.

ನೀನು ಮಧುಗಿರಿಯವನು ಅಂದ್ಯಲ್ಲ, ಆ ಏಕಶಿಲೆ ಬೆಟ್ಟ ಹತ್ತಿರ್ತೀಯ. ಇಳಿಯೋವಾಗ ಏನ್ ಮಾಡ್ತೀವಿ? ಬೆನ್ನು ಬಂಡೆ ಕಡೆಗೆ ವಾಲಿಸ್ಕೊಂಡು, ಭಯ ಆದ್ರೆ ಕೂತ್ಕೊಂಡು ಇಳಿತೀವಿ. ಮೈಗೆ ಅದೇ ಅಭ್ಯಾಸ. ಸ್ಕೀಯಲ್ಲಿ ಅದೊಂದೇ ಸಾಕು ಬೀಳೋಕೆ. ಬೆಟ್ಟದ ಕಡೆ ವಾಲಿದ ತಕ್ಷಣ ಕೆಳಗಿನ ಸ್ಕೀ ಮೇಲಿನ ಭಾರ ಹೋಗುತ್ತೆ, ಎಡ್ಜ್ (ಸ್ಕೀ ಅಂಚಿನ ಲೋಹದ ಪಟ್ಟಿ) ಬಿಟ್ಕೊಳ್ಳುತ್ತೆ, ಕಾಲು ಜಾರುತ್ತೆ. ಎದೆ ಕಣಿವೆ ಕಡೆ, ಎರಡೂ ಕೈ ಮುಂದೆ, ಪೋಲ್ ಅಂದ್ರೆ ಕೈಯಲ್ಲಿರೋ ಕೋಲು ಊರೋದು ನಿನ್ನ ಬೂಟಿಗಿಂತ ಕೆಳಗೆ. ಹೇಳೋದು ಸುಲಭ, ಮೈ ಒಪ್ಪಲ್ಲ. ಒಪ್ಸೋಕೆ ನಂಗೆ ಎರಡು ಚಳಿಗಾಲ ಬೇಕಾಯ್ತು.

ರೆಡಿನಾ ಅಂತ ಕೇಳಿದ್ಯಲ್ಲ. ಚೂಟ್ ಬಿಟ್ಟು ಬೇರೆ ಕಡೆ, ಕೆಳಗೆ ಬಂಡೆ ಮರ ಏನೂ ಇಲ್ಲದ, ಬಿದ್ರೂ ಸಮತಟ್ಟಿಗೆ ಹೋಗಿ ನಿಲ್ಲೋ ಒಂದು ಚಿಕ್ಕ ಕಡಿದಾದ ಇಳಿಜಾರು ಹುಡುಕು, 35 ಡಿಗ್ರಿ ಆಸುಪಾಸು, ಫೋನಲ್ಲೇ ಅಳತೆ ಮಾಡೋ ಆಪ್ ಇದೆ. ಅಲ್ಲಿ ಸೈಡ್ ಸ್ಲಿಪ್, ಅಂದ್ರೆ ಸ್ಕೀ ಅಡ್ಡಕ್ಕಿಟ್ಟು ಜಾರೋದು, ಮಾಡ್ಕೊಂಡು ಸೀದಾ ಕೆಳಗೆ ಬಾ, ಹಿಂದೂ ಹೋಗ್ಬಾರ್ದು ಮುಂದೂ ಹೋಗ್ಬಾರ್ದು, ಕಾಯಿ ತುರಿದ ಹಾಗೆ ಒಂದೇ ನೇರಕ್ಕೆ. ಎಡಕ್ಕೂ ಮಾಡು, ಬಲಕ್ಕೂ ಮಾಡು. ಎಲ್ರಿಗೂ ಒಂದು ಕಡೆ ಚೆನ್ನಾಗಿ ಬರುತ್ತೆ, ಇನ್ನೊಂದು ಕಡೆ ಬರಲ್ಲ. ಆಮೇಲೆ ಎರಡು ಸ್ಕೀ ಉದ್ದದಷ್ಟು ಅಗಲದೊಳಗೆ ಹತ್ತು ಟರ್ನ್ ಮಾಡು, ಪ್ರತಿ ಟರ್ನ್ ಆದ್ಮೇಲೂ ಪೂರ್ತಿ ನಿಲ್ಲು. ಗಟ್ಟಿ ಹಿಮದಲ್ಲೂ ಇದು ಬಂತು ಅಂದ್ರೆ ನೀನು ರೆಡಿ. ಮೆತ್ತನೆ ಹಿಮದಲ್ಲಿ ಮಾತ್ರ ಬರುತ್ತೆ ಅಂದ್ರೆ ಇನ್ನೂ ಇಲ್ಲ.

ಕಾಫಿತೋಟ:

ಅಕ್ಕ ಹೇಳಿದ ಕೊನೇ ಸಾಲು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ಕೋಬೇಕು. ನನ್ನ ಕಥೆ ಹೇಳ್ತೀನಿ, ಉಪಯೋಗ ಆಗ್ಬಹುದು.

ನಾಲ್ಕು ವರ್ಷದ ಹಿಂದೆ ಮಾರ್ಚ್, ಬೇರೆ ಒಂದು ಬೆಟ್ಟ. ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಕೊರಕಲು ಇಳಿದಿದ್ದೆ, ಬಿಸಿಲಿಗೆ ಹಿಮ ಮೆತ್ತಗಾಗಿ ಬೆಣ್ಣೆ ಇದ್ದ ಹಾಗಿತ್ತು, ಸ್ವರ್ಗ. ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅದೇ ಜಾಗಕ್ಕೆ ಅದೇ ಖುಷಿಯಲ್ಲಿ ಹೋದೆ. ರಾತ್ರಿ ಚಳಿಗೆ ಆ ಬೆಣ್ಣೆ ಎಲ್ಲ ಕಲ್ಲಾಗಿತ್ತು. ಅಂಚಲ್ಲಿ ನಿಂತಾಗ ಸ್ಕೀ ಕರಕರ ಅಂತ ಸದ್ದು ಮಾಡ್ತಿತ್ತು, ಆ ಸದ್ದು ಕೇಳಿಯೂ ಕೇಳಿಸ್ಕೊಳ್ಳಲಿಲ್ಲ ನಾನು. ಎರಡನೇ ಟರ್ನಲ್ಲೇ ಕೆಳಗಿನ ಸ್ಕೀ ಕಿತ್ಕೊಂಡು ಹೋಯ್ತು, ಸೊಂಟ ನೆಲಕ್ಕೆ ಬಿತ್ತು, ಅಷ್ಟೇ. ನಲವತ್ತು ಡಿಗ್ರಿ ಗಟ್ಟಿ ಹಿಮದ ಮೇಲೆ ನೈಲಾನ್ ಪ್ಯಾಂಟ್ ಹಾಕ್ಕೊಂಡು ಬಿದ್ರೆ ಮೂರು ಸೆಕೆಂಡಲ್ಲಿ ಐವತ್ತು ಕಿಲೋಮೀಟರ್ ವೇಗ ಬಂದುಬಿಡುತ್ತೆ, ಬೇಕಾದ್ರೆ ಪಿಯುಸಿ ಫಿಸಿಕ್ಸ್ ಲೆಕ್ಕ ಹಾಕಿ ನೋಡಿ. ನಾನೂರು ಅಡಿ ಹೋಗಿದೀನಿ. ಜಾಕೆಟ್ ತೋಳು ಮೇಲಕ್ಕೆ ಸರಿದು ಮಣಿಕಟ್ಟಿಂದ ಮೊಣಕೈ ತನಕ ಚರ್ಮ ತುರಿಮಣೆಗೆ ಕೊಟ್ಟ ಹಾಗಾಗಿತ್ತು, ಹಿಮದ ಮೇಲೆ ಉದ್ದಕ್ಕೂ ತೆಳ್ಳಗೆ ಗುಲಾಬಿ ಗೆರೆ. ಬಂಡೆಗೆ ಆರೇಳಡಿ ಪಕ್ಕದಲ್ಲಿ ಹಾದು ಹೋದೆ. ಹೆಲ್ಮೆಟ್ ಹಿಂಭಾಗ ಸೀಳಿತ್ತು.

ತಪ್ಪು ಪೂರ್ತಿ ನಂದೇ. ಕಡಿದು ಅನ್ನೋದು ಹಿಂದಿನ ದಿನವೂ ಅಷ್ಟೇ ಇತ್ತು, ಹಿಮ ಬೇರೆ ಆಗಿತ್ತು. ಚೂಟ್ ಕಷ್ಟನಾ ಸುಲಭನಾ ಅಂತ ಕೇಳ್ಬೇಡಿ, ಇವತ್ತು ಈ ಗಂಟೆಯಲ್ಲಿ ಹಿಮ ಹೆಂಗಿದೆ ಅಂತ ಕೇಳಿ.

ಮಧುಗಿರಿ_ಟು_ತಾಹೋ:

ಸರ್ ಓದಿ ಮೈ ಜುಮ್ ಅಂತು, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ. ಅಕ್ಕ, ಬಿದ್ರೆ ನಿಲ್ಲಿಸ್ಕೊಳ್ಳೋಕೆ ದಾರಿ ಏನಾದ್ರೂ ಇದ್ಯಾ ಅಥವಾ ಬಿದ್ರೆ ಬಿದ್ದ ಹಾಗೇನಾ?

ರೀನೋ_ಅಕ್ಕ:

ಇದೆ, ಆದ್ರೆ ಮೊದಲ ಒಂದು ಸೆಕೆಂಡಲ್ಲೇ ಮಾಡ್ಬೇಕು, ವೇಗ ಬಂದ್ಮೇಲೆ ಆಗೋ ಮಾತಲ್ಲ. ಸ್ಕೀ ಕಾಲಲ್ಲೇ ಇದ್ರೆ ಹೇಗಾದ್ರೂ ತಿರುಗಿ ಸ್ಕೀ ಕೆಳಗೆ ತಲೆ ಮೇಲೆ ಮಾಡ್ಕೋ, ಸ್ಕೀ ಅಡ್ಡಕ್ಕೆ ತಂದು ಎಡ್ಜ್ ಒತ್ತು. ಸ್ಕೀ ಬಿಚ್ಚಿ ಹೋಗಿದ್ರೆ ಹೊಟ್ಟೆ ಮೇಲೆ ಹೊರಳು, ದಂಡ ಹೊಡೆಯೋವಾಗ ಇರ್ತೀವಲ್ಲ ಹಾಗೆ ಕೈ ಮತ್ತೆ ಬೂಟಿನ ತುದಿ ಮೇಲೆ ಮೈ ಎತ್ತು, ಹೊಟ್ಟೆ ಹಿಮಕ್ಕೆ ತಾಗ್ಬಾರ್ದು, ಭಾರ ಎಲ್ಲ ಬೂಟಿನ ತುದಿಗೆ ಬಂದಾಗ ಅದು ಕಚ್ಚುತ್ತೆ. ಒಂದು ಪೋಲ್ ಕೈಲಿ ಉಳಿದಿದ್ರೆ ತುದಿ ಹತ್ರ ಹಿಡಿದು ಹಿಮಕ್ಕೆ ಒತ್ತು. ಇದನ್ನ ಚಿಕ್ಕ ಇಳಿಜಾರಲ್ಲಿ ಬೇಕಂತ ಬಿದ್ದು ಬಿದ್ದು ಅಭ್ಯಾಸ ಮಾಡು, ನೋಡೋರು ನೋಡ್ಲಿ.

ಪೋಲ್ ಪಟ್ಟಿ ಮಣಿಕಟ್ಟಿಗೆ ಹಾಕ್ಕೋಬೇಡ. ಎಡ್ಜ್ ಸಾಣೆ ಹಿಡಿಸಿ ಎಷ್ಟು ದಿನ ಆಯ್ತು? ಬಾಡಿಗೆ ಸ್ಕೀ ಆದ್ರೆ ಉಗುರಿಂದ ಎಡ್ಜ್ ಮೇಲೆ ಗೀರಿ ನೋಡು, ಉಗುರಿನ ಪುಡಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಆ ಸ್ಕೀ ಚೂಟಿಗೆ ಬೇಡ.

ಇನ್ನೊಂದು, ರೋಸ್ ಚೂಟ್ಸ್ ಉತ್ತರಕ್ಕೆ ಮುಖ ಮಾಡಿರೋದು. ಹಿಮ ಚೆನ್ನಾಗಿ ಉಳಿಯುತ್ತೆ ಅನ್ನೋದು ಒಳ್ಳೇದು, ಬಿಸಿಲು ಬೀಳೋದು ಕಡಿಮೆ ಹಾಗಾಗಿ ಕೆಲವು ದಿನ ಮೆತ್ತಗೇ ಆಗಲ್ಲ ಅನ್ನೋದು ಕೆಟ್ಟದ್ದು. ಮುಂಭಾಗದ ರನ್ ಹತ್ತೂವರೆಗೆ ಮೆತ್ತಗಾಯ್ತು ಅಂತ ಚೂಟೂ ಆಗಿರುತ್ತೆ ಅಂದ್ಕೋಬೇಡ. ನೀನು ಕಳೆದ ವಾರ ನಿಂತ ಅಂಚು ಗಟ್ಟಿ ಇತ್ತು, ಆವತ್ತು ನಾನೂ ಹೋಗಿರ್ಲಿಲ್ಲ.

ಧಾರವಾಡ_ಪೇಡೆ:

ನಮಸ್ಕಾರ್ರಿ, ನಾ ಸ್ಕೀ ಕಲ್ತಿದ್ದು ಕಾಶ್ಮೀರದ ಗುಲ್ಮಾರ್ಗದಾಗ, ಈಗ ಪ್ರತಿ ಜನವರಿ ರಜಾ ಹಾಕಿ ಅಲ್ಲೇ ಹೋಗ್ತೀನಿ. ಅಲ್ಲಿ ಗೊಂಡೊಲಾ ಎರಡನೇ ಹಂತ ಅಫರ್ವತ್ ಬೆಟ್ಟದ ಮ್ಯಾಲೆ ಬಿಡ್ತೈತಿ, 13,000 ಅಡಿ ಸನೇಕ, ಇಳಿದ್ ಕೂಡ್ಲೆ ಉಸಿರು ಸಣ್ಣಾಗ್ತೈತಿ. ನಿಮ್ಮಲ್ಲಿ ಗೇಟ್ ಹಾಕಿ, ಬೆಳಗ್ಗೆ ಪ್ಯಾಟ್ರೋಲ್‌ನವ್ರು (ಸುರಕ್ಷತೆ ನೋಡ್ಕೊಳ್ಳೋವ್ರು) ಬಾಂಬ್ ಹಾಕಿ ಸಡಿಲ ಹಿಮ ಉರುಳಿಸಿ ಆಮ್ಯಾಲೆ ಬಿಡ್ತಾರಲ್ರಿ, ಅದರ ಬೆಲೆ ನಿಮಗ ಗೊತ್ತಿರ್ಲಿ. ಗುಲ್ಮಾರ್ಗದಾಗ ಗೊಂಡೊಲಾ ಕೆಳಗಿನ ಬಯಲಷ್ಟ ಪ್ಯಾಟ್ರೋಲ್ ನೋಡ್ತಾರ, ಎಡಕ್ಕ ಬಲಕ್ಕ ಹೊಂಟ್ರಿ ಅಂದ್ರ ಅದು ಬರೇ ಬೆಟ್ಟ, ಯಾರೂ ಹೊಣಿ ಅಲ್ಲ. ಹಿಮಕುಸಿತ ಭಾಳ ಆಗೋದು 30ರಿಂದ 45 ಡಿಗ್ರಿ ಇಳಿಜಾರಿನಾಗ, ಅಂದ್ರ ನಮಗ ಇಳಿಯಾಕ ಛಲೋ ಅನ್ಸೋ ಜಾಗದಾಗ. ಹಂಗಾಗಿ ಹಿಮದಾಗ ಹೂತವ್ರನ್ನ ಹುಡುಕೋ ಬೀಕನ್ (ಸಿಗ್ನಲ್ ಯಂತ್ರ), ಸಲಿಕಿ, ಪ್ರೋಬ್ (ಚುಚ್ಚಿ ನೋಡೋ ಉದ್ದ ಕೋಲು) ಮೂರೂ ಇಲ್ದ ನಾವು ಹೊರಗ ಹೆಜ್ಜಿ ಇಡಂಗಿಲ್ಲ, ಜೋಡಿ ಇದ್ದವ್ರಿಗೂ ಅವು ಬಳಸಾಕ ಬರ್ಬೇಕು.

ಕಡಿದು ಇಳಿಯೋದಂದ್ರ ನನಗ ಸಿಲ್ವೇನ್ ಸೋಡಾನ್ ನೆನಪಾಗ್ತಾರ. ಸ್ವಿಸ್ ಮನಷ್ಯಾ, 1967ರಾಗ ಫ್ರಾನ್ಸಿನ ಶಾಮೊನಿಯ ಸ್ಪೆನ್ಸರ್ ಕೊರಕಲು ಇಳಿದ್ರು, ಅದು 50 ಡಿಗ್ರಿ ಮ್ಯಾಲ. ಆ ಕಾಲದಾಗ ಅದು ಹಗ್ಗ, ಕೊಡ್ಲಿ ಹಿಡ್ಕೊಂಡು ಹತ್ತೋ ಜಾಗ, ಉದ್ದುದ್ದ ಸ್ಕೀ ಕಟ್ಕೊಂಡು ಇಳಿಯೋದಲ್ಲ. ಹಿಮ್ಮಡಿ ಮ್ಯಾಲ ಭಾರ ಬಿಟ್ಟು ಎರಡೂ ಸ್ಕೀ ತುದಿ ಕಾರಿನ ವೈಪರ್‌ಗತೆ ಆಕಡೆ ಈಕಡೆ ತಿರುಗಿಸ್ತಿದ್ರು. ಮುಂದ 1977ರಾಗ ನಮ್ಮ ಲಡಾಖದ ನನ್ ಶಿಖರಕ್ಕೂ ಬಂದು ಇಳಿದ್ರು. ಒಂದು ಟರ್ನ್ ತಪ್ಪಿದ್ರ ಮುಗೀತು ಅನ್ನೋ ಜಾಗದಾಗ ಅವರು ಅವಸರ ಮಾಡ್ಲಿಲ್ಲ. ಒಂದು ಟರ್ನ್, ನಿಲ್ಲು, ಉಸಿರು ತೊಗೊ, ಇನ್ನೊಂದು. ನಿಮಗೂ ಅಷ್ಟ ಹೇಳ್ತೀನಿ. ಒಬ್ಬೊಬ್ರ ಇಳೀರಿ, ಇನ್ನೊಬ್ರು ಇಳಿಯೋ ದಾರ್ಯಾಗ ಕೆಳಗ ನಿಲ್ಲಬ್ಯಾಡ್ರಿ. ಹೊಸ ಹಿಮ ಇದ್ರ ನಿಮ್ಮ ಟರ್ನ್‌ನಿಂದ ಎದ್ದ ಸಡಿಲ ಹಿಮ ನಿಮ್ಮ ಬೆನ್ನತ್ತಿ ಬರ್ತೈತಿ, ಎರಡು ಟರ್ನ್‌ಗೊಮ್ಮೆ ಮಗ್ಗಲಿಗೆ ಸರಿದು ಅದನ್ನ ಮುಂದ ಹೋಗಾಕ ಬಿಡ್ರಿ.

ಮಧುಗಿರಿ_ಟು_ತಾಹೋ:

ಐದು ವಾರ ಆದ್ಮೇಲೆ ಬರೀತಿದೀನಿ. ನಿನ್ನೆ ಇಳಿದೆ. ಕೈ ಇನ್ನೂ ನಡುಗ್ತಿದೆ ಅದಕ್ಕೆ ಉದ್ದ ಆದ್ರೆ ಕ್ಷಮಿಸಿ.

ಈ ಐದು ವಾರದಲ್ಲಿ ನಾಲ್ಕು ದಿನ ಸ್ಕೀಗೆ ಹೋಗಿದ್ದೆ, ನಾಲ್ಕೂ ದಿನ ಒಂದೇ ಇಳಿಜಾರು. ಸೈಡ್ ಸ್ಲಿಪ್, ನಿಲ್ಲೋದು, ಬೇಕಂತ ಬೀಳೋದು. ಅಕ್ಕ ಹೇಳಿದ್ದು ನಿಜ, ಎಡಗಾಲು ಕೆಳಗಿದ್ರೆ ಚೆನ್ನಾಗಿ ನಿಲ್ತೀನಿ, ಬಲಗಾಲು ಕೆಳಗಿದ್ರೆ ಹಿಂದಕ್ಕೆ ಜಾರ್ತಿದ್ದೆ, ಅದಕ್ಕೇ ಎರಡು ದಿನ ಹೋಯ್ತು. ಮೂರನೇ ದಿನ ಬೆಳಿಗ್ಗೆ ಗಟ್ಟಿ ಹಿಮದಲ್ಲಿ ಹತ್ತಕ್ಕೆ ಹತ್ತು ಟರ್ನ್ ನಿಂತು ನಿಂತು ಬಂತು, ಆವತ್ತೇ ಅಕ್ಕನಿಗೆ ಮೆಸೇಜ್ ಹಾಕಿದೆ.

ನಿನ್ನೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ಎಂಟೂವರೆಗೆ ಪಾರ್ಕಿಂಗ್‌ನಲ್ಲಿ ಅಕ್ಕ ಫ್ಲಾಸ್ಕಲ್ಲಿ ಕಾಫಿ, ಡಬ್ಬಿಯಲ್ಲಿ ಅವಲಕ್ಕಿ ಒಗ್ಗರಣೆ ಹಿಡ್ಕೊಂಡು ಕಾಯ್ತಿದ್ರು. ಎರಡು ದಿನದ ಹಿಂದೆ ಒಂದಡಿ ಹಿಮ ಬಿದ್ದಿತ್ತು, ನಮ್ಮ ಸಿಯೆರಾ ಹಿಮ ಗೊತ್ತಲ್ಲ, ಒದ್ದೆ, ಭಾರ, ಸಿಮೆಂಟ್ ಅಂತಾನೇ ಕರೀತಾರೆ, ಆದ್ರೆ ಕಡಿದು ಜಾಗದಲ್ಲಿ ಅದೇ ಅಂಟ್ಕೊಂಡು ಕೂರೋದು. ಗೇಟ್ ಇನ್ನೂ ಮುಚ್ಚಿತ್ತು. ಬ್ಲೇಜಿಂಗ್ ಜೆಫೈರ್ ಲಿಫ್ಟಲ್ಲಿ ಹತ್ತಿ ಮುಂಭಾಗದ ರನ್‌ಗಳಲ್ಲೇ ನಾಲ್ಕು ಸುತ್ತು ಹೊಡೆದ್ವಿ, ತುದಿಯಲ್ಲಿ ನಿಂತ್ರೆ ಒಂದು ಕಡೆ ತಾಹೋ ಸರೋವರ ಇನ್ನೊಂದು ಕಡೆ ವಾಶೋ ಕಣಿವೆ, ಕಣಿವೆಯಲ್ಲಿ ಹಿಮದ ಒಂದು ಚೂರೂ ಇಲ್ಲ, ಕಂದು ಬಣ್ಣದ ಒಣ ನೆಲ, ಬಳ್ಳಾರಿ ಬಯಲು ನೋಡಿದ ಹಾಗೆ. ಹನ್ನೊಂದು ಕಾಲಿಗೆ ಗೇಟ್ ತೆಗೆದ್ರು. ಜನ ನುಗ್ಗಿದ್ರು, ಅಕ್ಕ ನನ್ನ ತೋಳು ಹಿಡಿದು 'ಹೋಗ್ಲಿ ಬಿಡು, ಅವ್ರು ಇಳಿದ ಮೇಲೆ ಹಿಮ ಹೆಂಗೆ ಸದ್ದು ಮಾಡುತ್ತೆ ಕೇಳೋಣ' ಅಂದ್ರು. ಇಪ್ಪತ್ತು ನಿಮಿಷ ಅಲ್ಲೇ ನಿಂತು ಕೇಳಿದ್ವಿ. ಕರಕರ ಇಲ್ಲ. ಮೆತ್ತಗೆ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸರ್ರ್ ಅಂತ.

ಅಂಚಿಂದ ಸೀದಾ ಧುಮುಕಲಿಲ್ಲ ನಾವು, ಪಕ್ಕದ ದಿಬ್ಬದ ಸಾಲಿಂದ ಅಡ್ಡಡ್ಡ ಬಂದು ಕೊರಕಲಿನ ಬಾಯಿಗೆ ಸೇರ್ಕೊಂಡ್ವಿ. ಅಗಲ ಇದ್ದಿದ್ದು ನನ್ನ ಕಣ್ಣಳತೆಗೆ ಮೂವತ್ತಡಿ, ಎಡಕ್ಕೆ ಕೆಂಪು ಪಾಚಿ ಹಿಡಿದ ಬಂಡೆ. ಅಕ್ಕ ಮೊದಲು ಇಳಿದು ಬಂಡೆ ಮರೆಯಲ್ಲಿ ನಿಂತು ಪೋಲ್ ಎತ್ತಿದ್ರು. ನಾನು ಮೊದಲ ಮೂವತ್ತಡಿ ಸೈಡ್ ಸ್ಲಿಪ್ ಮಾಡ್ದೆ, ಕಾಲು ನನ್ನ ಮಾತು ಕೇಳ್ತಿದ್ಯಾ ಅಂತ ನೋಡೋಕೆ. ಕೇಳ್ತಿತ್ತು. ಆಮೇಲೆ ಪೋಲ್ ಕೆಳಗೆ ಊರಿ ಎದೆ ಕಣಿವೆಗೆ ಕೊಟ್ಟು ಹಾರಿದೆ. ಆ ಅರ್ಧ ಸೆಕೆಂಡು, ಸ್ಕೀ ಎರಡೂ ಸೀದಾ ಕೆಳಗೆ ನೋಡ್ತಿರೋವಾಗ, ಹೊಟ್ಟೆಯಲ್ಲಿ ಇದ್ದಿದ್ದೆಲ್ಲ ಗಂಟಲಿಗೆ ಬಂತು. ಎಡ್ಜ್ ಕಚ್ತು. ನಿಂತೆ. ನನ್ನ ಟರ್ನ್‌ನಿಂದ ಎದ್ದ ಹಿಮದ ಉಂಡೆಗಳು ನನ್ನ ದಾಟಿ ಉರುಳ್ಕೊಂಡು ಹೋಗಿ, ನೋಡ್ತಾ ನೋಡ್ತಾ ಸಾಸಿವೆ ಕಾಳಷ್ಟಾಗಿ ಕಾಣದೇ ಹೋದವು. ಧಾರವಾಡದ ಸರ್ ಹೇಳಿದ ಹಾಗೆ ಉಸಿರು ತಗೊಂಡೆ. ಇನ್ನೊಂದು. ಇನ್ನೊಂದು. ಆರನೇದ್ದೋ ಏಳನೇದ್ದೋ ಆದ್ಮೇಲೆ ನಿಲ್ಲೋದು ಮರೆತು ಎರಡು ಟರ್ನ್ ಸೇರಿಸಿ ಮಾಡಿದೀನಿ, ಗೊತ್ತೇ ಆಗ್ಲಿಲ್ಲ. ಕೆಳಗೆ ಕೊರಕಲು ಬಿಚ್ಕೊಂಡು ಅಗಲ ಆಗುತ್ತಲ್ಲ ಅಲ್ಲಿ ಬಂದು ನಿಂತಾಗ ತೊಡೆ ಬೆಂಕಿ. ಅಕ್ಕ ಏನೂ ಮಾತಾಡ್ಲಿಲ್ಲ, ಗ್ಲೌಸ್ ಹಾಕಿದ ಕೈಯಲ್ಲೇ ಹೆಲ್ಮೆಟ್ ಮೇಲೆ ಎರಡು ಸಲ ತಟ್ಟಿದ್ರು.

ಚೂಟರ್ ಲಿಫ್ಟಲ್ಲಿ ವಾಪಸ್ ಹತ್ತೋವಾಗ ಆ ಗೋಡೆ ಪೂರ್ತಿ ಎದುರಿಗೆ ಕಾಣ್ಸುತ್ತೆ. ನನ್ನ ಗೆರೆ ಯಾವ್ದು ಅಂತ ಹುಡುಕಿ ಹುಡುಕಿ ಸಿಕ್ತು. ಮೇಲೆ ಹತ್ತಿರ ಹತ್ತಿರ ಹೊಲಿಗೆ ಹಾಕಿದ ಹಾಗೆ, ಕೆಳಗೆ ಬರ್ತಾ ಬರ್ತಾ ಉದ್ದ.

ಇನ್ನೊಂದು ಸಲ ಇಳಿದ್ವಿ, ಪಕ್ಕದ್ದು. ಮೂರನೇದು ಹೋಗೋಣ ಅಂದೆ, ಎರಡೂಕಾಲು ಗಂಟೆ ಆಗಿತ್ತು. ಅಕ್ಕ ನೆರಳು ತೋರ್ಸಿದ್ರು, ಮೇಲಿನ ಅರ್ಧ ಆಗಲೇ ನೆರಳಿಗೆ ಹೋಗಿತ್ತು, ಪೋಲಲ್ಲಿ ಕುಟ್ಟಿ ನೋಡಿದ್ರೆ ಮೇಲೊಂದು ತೆಳ್ಳಗಿನ ಪದರ ಹಪ್ಪಳ ಮುರಿದ ಹಾಗೆ ಒಡೀತು. ನಿನ್ನ ತೊಡೆಯಲ್ಲಿ ಇನ್ನು ಶಕ್ತಿ ಇಲ್ಲ, ಹಿಮಕ್ಕೂ ಮನಸಿಲ್ಲ, ಇವತ್ತಿಗೆ ಸಾಕು ಅಂದ್ರು. ಬೇಜಾರಾಯ್ತು, ಒಪ್ಕೊಂಡೆ.

ವಾಪಸ್ ಬರೋವಾಗ ಟ್ರಕೀ ಊರಲ್ಲಿ ನಿಲ್ಲಿಸಿ ಮನೆಗೆ ಫೋನ್ ಮಾಡಿದೆ. ಆಯ್ತಾ ಅಂದ್ಲು ಹೆಂಡತಿ, ಆಯ್ತು ಅಂದೆ, ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. ಆಮೇಲೆ ಮಗಳಿಗೆ ಫೋನ್ ಕೊಟ್ಲು.

ಕಾಫಿತೋಟ:

ಇಪ್ಪತ್ತು ನಿಮಿಷ ನಿಂತು ಸದ್ದು ಕೇಳಿದ್ರಿ ಅಂತ ಓದಿ ನಂಗೆ ಕಣ್ಣು ತುಂಬಿ ಬಂತು. ತುಂಬಾ ಸಂತೋಷ ಸರ್.

ರೀನೋ_ಅಕ್ಕ:

ಬಲಗಾಲು ಇನ್ನೂ ಸ್ವಲ್ಪ ಹಿಂದಕ್ಕೆ ಜಾರ್ತಿದೆ, ಎರಡನೇ ಸಲ ಮೇಲಿಂದ ನೋಡಿದೆ. ಮುಂದಿನ ವಾರ ಮತ್ತೆ ಹಿಮ ಇದೆ ಅಂತಿದಾರೆ, ಬರೋದಾದ್ರೆ ಟೈರಿಗೆ ಹಾಕೋ ಚೈನ್ ಕಾರಲ್ಲೇ ಇಟ್ಕೊಂಡು ಹೊರಡು, ಡಬ್ಬಿ ನಿನ್ನ ಕಾರಲ್ಲೇ ಉಳಿದಿದೆ, ತಗೊಂಡು ಬಾ.